ನೂರಿಪ್ಪತ್ತರ ತೋಳು

ಆ ಚಿಕಿತ್ಸಾಲಯದ ಕಾಂಪೌಂಡರು ತೊಡುತ್ತಿದ್ದ ಬಿಳಿ ಕೋಟಿನ ಬಲತೋಳು ಮಣಿಕಟ್ಟಿನವರೆಗೆ ಇಳಿದರೆ, ಎಡತೋಳು ಭುಜದಿಂದ ನಾಲ್ಕೇ ಬೆರಳಿಗೆ ಮುಗಿದುಹೋಗುತ್ತಿತ್ತು. ಹರಿದದ್ದಲ್ಲ, ಹೆಂಡತಿಯ ಕೈಯಲ್ಲಿ ಕತ್ತರಿಸಿ ಅಂಚು ಹೊಲಿಸಿಕೊಂಡದ್ದು. ದಿನಾ ಬೆಳಗ್ಗೆ ಬಾಗಿಲು ತೆರೆಯುವ ಮುನ್ನ ರಕ್ತದೊತ್ತಡದ ಪಟ್ಟಿಯನ್ನು ಅವರು ಮೊದಲು ಸುತ್ತುತ್ತಿದ್ದದ್ದು ಆ ತೋಳಿಗೆ. ಮಷೀನು ಸರಿಯಿದೆಯೇ ಎಂದು ನೋಡದೆ ರೋಗಿಯನ್ನು ಮುಟ್ಟುವುದು ಅವರ ಪಾಲಿಗೆ ಮಹಾಪಾಪ.

ಮೂರು ತಿಂಗಳ ಹಿಂದೆ ಬಂದ ಹೊಸ ಡಾಕ್ಟರಮ್ಮನಿಗೆ ಈ ಮನುಷ್ಯನೆಂದರೆ ಬಲು ಮೆಚ್ಚುಗೆ. ತುಂಬಿದ ಕೊಡ ಹೊತ್ತವರಂತೆ ಅಲುಗದ ನಡಿಗೆ, ಪ್ರತಿ ಮಾತಿನ ತುದಿಗೂ ‘ತಿಳೀತಲ್ಲ?’ ಎಂಬ ಬಾಲ. ಯಾರ ಒತ್ತಡ ಏಕೆ ಏರೀತೆಂದು ಹೊಸ್ತಿಲಲ್ಲೇ ಹೇಳಿಬಿಡುವರು: ದಿನವಿಡೀ ಕೂತೇ ಇರುವ ಲಾರಿ ಡ್ರೈವರು, ನಿದ್ದೆಗೆಟ್ಟ ಕಾವಲುಗಾರ, ಸಿಗರೇಟು ಬಿಡದ ಬಡಗಿ, ಬೊಜ್ಜನ್ನೂ ಕಾಯಿಲೆಯನ್ನೂ ಅಪ್ಪನಿಂದ ಒಟ್ಟಿಗೇ ಪಡೆದುಕೊಂಡ ದರ್ಜಿ. ಮೇಲುಪ್ಪು ಹಾಕಿಕೊಳ್ಳುವವರನ್ನಂತೂ ನೀರಿಳಿಸಿಯೇ ಕಳಿಸುತ್ತಿದ್ದರು. ಹಾಗೆ ಬೈದು ಒಳಕೋಣೆಗೆ ಹೋಗಿ ತಮ್ಮ ಬುತ್ತಿಗೆ ಧಾರಾಳವಾಗಿ ಉಪ್ಪುದುರಿಸಿಕೊಳ್ಳುವುದನ್ನು ಆಕೆ ಕಂಡಿದ್ದಳು, ನಕ್ಕು ಸುಮ್ಮನಾಗಿದ್ದಳು.

ಇಲ್ಲಿ ಯಾರಿಗೆ ಅಧಿಕ ರಕ್ತದೊತ್ತಡ, ಏಕೆ ಎಂಬ ವರದಿ ಬರೆಯಲು ಆಕೆ ಆರು ವರ್ಷಗಳ ರಿಜಿಸ್ಟರು ತೆರೆದಳು. ವರ್ಷದಿಂದ ವರ್ಷಕ್ಕೆ ಎಲ್ಲರ ಅಂಕಿಯೂ ಇಳಿಯುತ್ತ ಬಂದಿತ್ತು. ಇಷ್ಟು ಆರೋಗ್ಯವಂತ ಜನ ಎಲ್ಲಾದರೂ ಉಂಟೇ ಎಂದು ಹಿಗ್ಗಿದವಳು, ದೊಡ್ಡಾಸ್ಪತ್ರೆಯಿಂದ ಬಂದ ಪತ್ರಗಳ ಫೈಲು ಬಿಚ್ಚಿ ಬೆಚ್ಚಿಬಿದ್ದಳು. ಒಂದೇ ವರ್ಷದಲ್ಲಿ ಮೂವರಿಗೆ ಪಾರ್ಶ್ವವಾಯು: ಆ ಡ್ರೈವರು, ಆ ದರ್ಜಿ, ಮತ್ತು ಕಳೆದ ತಿಂಗಳು ಒಲೆಯ ಮುಂದೆ ಕುಸಿದು ಬಲಗೈಯನ್ನೂ ಮಾತನ್ನೂ ಕಳೆದುಕೊಂಡ ಕಾಂಪೌಂಡರ ಸ್ವಂತ ತಂಗಿ. ರಿಜಿಸ್ಟರಿನಲ್ಲಿ ಮೂವರೂ ಗುಂಡುಕಲ್ಲಿನ ಹಾಗಿದ್ದರು.

ಕರೆದು ಕೇಳಿದಾಗ ಅವರೇನೂ ಮುಚ್ಚಿಡಲಿಲ್ಲ, ತುಸು ಹೆಮ್ಮೆಯಿಂದಲೇ ಹೇಳಿದರು. ಇಪ್ಪತ್ತೆರಡು ವರ್ಷದ ಹಿಂದೆ ಕೆಲಸಕ್ಕೆ ಸೇರಿದ ದಿನ ಹಳೆಯ ಡಾಕ್ಟರು ಅವರ ಒತ್ತಡ ನೋಡಿ, ಕರಾರುವಾಕ್ಕಾಗಿ ನೂರಿಪ್ಪತ್ತು, ನಿನ್ನ ತೋಳಿಟ್ಟುಕೊಂಡೇ ಮಷೀನು ತಿದ್ದಬಹುದು ಎಂದು ಬೆನ್ನು ತಟ್ಟಿದ್ದರಂತೆ. ತಮಾಷೆಯ ಮಾತನ್ನು ಇವರು ವ್ರತದಂತೆ ಹಿಡಿದರು. ಬೆಳಗ್ಗೆ ತಮ್ಮ ತೋಳಿನಲ್ಲಿ ನೂರಿಪ್ಪತ್ತಕ್ಕಿಂತ ಎಷ್ಟು ಹೆಚ್ಚು ತೋರಿಸಿತೋ ಅಷ್ಟೂ ಮಷೀನಿನ ತಪ್ಪು. ಅದನ್ನು ಪುಟದ ಮೂಲೆಯಲ್ಲಿ ಗುರುತು ಹಾಕಿಕೊಂಡು, ಆ ದಿನ ಬಂದವರೆಲ್ಲರ ಅಂಕಿಯಿಂದ ಕಳೆದು ಬರೆಯುವುದು. ಎರಡು ಸಲ ತಕರಾರು ಮಾಡಿ ಮಷೀನನ್ನೇ ಬದಲಾಯಿಸಿದ್ದರು. ಹೊಸವೂ ಅಷ್ಟೇ ದಂಡ.

“ಈಗ ಎಷ್ಟು ಕಳೀತಿದ್ದೀರಿ?”

“ನಲವತ್ತೆಂಟು. ಬರ್ತಾ ಬರ್ತಾ ಮಷೀನುಗಳು ತೀರಾ ಕೆಟ್ಟೋದ್ವು, ತಿಳೀತಲ್ಲ?”

 ಅದೇ ಅಂಕಿಗಳನ್ನು ನಂಬಿ ಮೂರು ತಿಂಗಳು ಎಷ್ಟು ಜನರನ್ನು ತಾನೂ ನಗುತ್ತ ಮನೆಗೆ ಕಳಿಸಿದೆ ಎಂದು ಡಾಕ್ಟರಮ್ಮ ಲೆಕ್ಕ ಹಾಕಿದಳು. ತನ್ನ ಚೀಲದಲ್ಲಿದ್ದ ಮಷೀನು ತೆಗೆದು ಅವರ ಎಡತೋಳಿಗೆ ಕಟ್ಟಿದಳು. ನೂರ ಅರವತ್ತೆಂಟು. ಐದು ನಿಮಿಷ ಕೂರಿಸಿ ಬಲತೋಳಿಗೆ ಕಟ್ಟಿದಳು. ನೂರ ಎಪ್ಪತ್ತು. ಕೆಟ್ಟದ್ದು ಮಷೀನಲ್ಲ, ನಿಮ್ಮ ಒತ್ತಡವೇ ವರ್ಷವರ್ಷವೂ ಏರಿದೆ, ಇವತ್ತೇ ಔಷಧಿ ಶುರುಮಾಡಬೇಕು ಎಂದು ಹೇಳತೊಡಗಿದರೆ ಅವರ ಕಿವಿ ಅಲ್ಲಿರಲಿಲ್ಲ.

“ನನ್ನ ತಂಗಿ ಎರಡು ವರ್ಷ ತಲೆನೋವು ಅಂತ ಬರ್ತಿದ್ಲು ಮೇಡಂ. ನಿಂಗೇನೂ ಇಲ್ಲ ಹೋಗೇ ಅಂತ ನಾನೇ ಕಳಿಸ್ತಿದ್ದೆ.”

 ಡಾಕ್ಟರಮ್ಮ ಮಾತ್ರೆ ಕೊಟ್ಟು, ನುಂಗುವ ತನಕ ಎದುರಿಗೇ ನಿಂತಳು. ಆಮೇಲೆ ಅವರು ರಿಜಿಸ್ಟರು ಎಳೆದುಕೊಂಡು, ಮೂಲೆಯ ಅಂಕಿಯನ್ನು ಒಂದೊಂದೇ ಹೆಸರಿಗೆ ಮರಳಿ ಕೂಡಿಸುತ್ತ, ಇಂದೇ ಕರೆಸಬೇಕಾದವರ ವಿಳಾಸ ಬರೆಯತೊಡಗಿದರು. ಮೂವತ್ತೊಂದನೆಯ ಹೆಸರಿಗೆ ಬರುವಷ್ಟರಲ್ಲಿ ಅಕ್ಷರಗಳು ಸೊಟ್ಟಗಾಗಿದ್ದವು, ಡಾಕ್ಟರಮ್ಮ ಪೆನ್ನು ಇಸಿದುಕೊಂಡಳು.

ಕೆಲಸಗಳ್ಳರ ಮೇಲೆ ಎಲ್ಲರಿಗೂ ಒಂದು ಕಣ್ಣಿರುತ್ತದೆ. ಒಂದು ದಿನವೂ ತಪ್ಪದೆ ದುಡಿಯುವ ಇಂಥವರ ನೆರಳಿನಲ್ಲಿ ನಾವು ನಿಶ್ಚಿಂತೆಯಿಂದ ಕಣ್ಣು ಮುಚ್ಚುತ್ತೇವೆ. ಇವರು ಯಾರಿಗೂ ಮೋಸ ಮಾಡುವವರಲ್ಲ. ಜಗತ್ತನ್ನೆಲ್ಲ ಅನುಮಾನಿಸಿದರೂ, ಒಮ್ಮೆ ಸರಿಯೆನಿಸಿಕೊಂಡ ತಮ್ಮನ್ನು ಮಾತ್ರ ಮತ್ತೆ ಅನುಮಾನಿಸುವುದಿಲ್ಲ, ಅಷ್ಟೇ. ಆ ಅಷ್ಟಕ್ಕೇ ಒಬ್ಬ ತಂಗಿಯ ಮಾತು ಹೋಯಿತು.