ಗಿಳಿಗೆ ಸಿಕ್ಕ ಕೆಲಸ

ಗಿಳಿಗೆ ಕೆಲಸ ಸಿಕ್ಕಿತು ಎಂದು ಕೇಳಿದಾಗ ನನ್ನ ಹೊಟ್ಟೆ ಧಗಧಗ ಉರಿಯಿತು. ಸುಳ್ಳೇಕೆ ಹೇಳಲಿ?

ಹದಿನಾಲ್ಕು ವರ್ಷ ಒಂದೇ ಬೈಂಡಿಂಗ್ ಅಂಗಡಿಯಲ್ಲಿ, ಒಂದೇ ಮೇಜಿಗೆ ಎದುರುಬದುರು ಕೂತು ಪುಸ್ತಕ ಹೊಲಿದವರು ನಾವು. ನಾನು ಹೊಲಿದ ಪುಸ್ತಕದ ಹಾಳೆ ಎಳೆದರೂ ಬಾರದು. ಅವಳದು ಮೂರನೇ ಸಲ ತೆರೆದರೆ ಬಾಯಿ ಬಿಡುತ್ತಿತ್ತು. ಎಷ್ಟನ್ನು ನಾನೇ ಬಿಚ್ಚಿ ಮತ್ತೆ ಹೊಲಿದಿದ್ದೇನೋ. ಅವಳ ಕೈಗಿಂತ ಬಾಯಿ ಚುರುಕು. ಕಾಗದ ಇಳಿಸುವವನ ಮಗಳ ಪರೀಕ್ಷೆ, ಅಂಟು ಮಾರುವವನ ಮಂಡಿನೋವು, ಎಲ್ಲ ಅವಳಿಗೆ ಗೊತ್ತು. ಅದಕ್ಕೇ ಎಲ್ಲರೂ ಅವಳನ್ನು ಗಿಳಿ ಅನ್ನುತ್ತಿದ್ದರು.

ಅಂಗಡಿ ಮುಚ್ಚಿತು. ನಾನು ಒಂಬತ್ತು ಕಡೆ ಅರ್ಜಿ ಹಾಕಿ ಚಪ್ಪಲಿ ಸವೆಸಿದೆ. ಗಿಳಿ ಅಂಟು ಮಾರುವವನ ಕಿವಿಗೆ ಒಂದು ಮಾತು ಹಾಕಿದಳು, ಅಷ್ಟೇ. ಎಂಟನೇ ದಿನಕ್ಕೆ ದೊಡ್ಡ ಮುದ್ರಣಾಲಯದಲ್ಲಿ ಹೋಗಿ ಕೂತಳು. ತಿಂಗಳು ಕೆಲಸ ನೋಡಿ ಕಾಯಂ ಮಾಡುತ್ತಾರಂತೆ.

ನಾಲ್ಕನೇ ವಾರ ಅಲ್ಲಿನ ಮೇಲ್ವಿಚಾರಕಿ ನನಗೆ ಫೋನ್ ಮಾಡಿದರು. ಕಾಯಂ ಮಾಡುವ ಮೊದಲು ಹಳೆಯ ಜೊತೆಗಾರರೊಬ್ಬರನ್ನು ವಿಚಾರಿಸುವುದು ಅಲ್ಲಿನ ಪದ್ಧತಿಯಂತೆ.

"ಅವರ ಕೆಲಸ ಹೇಗೆ?"

"ಮಾತು ಚೆನ್ನಾಗಿ ಹೊಲೀತಾಳೆ," ಎಂದೆ. "ಪುಸ್ತಕ ಹೊಲಿಯೋಕೆ ಪಕ್ಕದಲ್ಲಿ ಇನ್ನೊಬ್ಬರು ಬೇಕು. ನಾನಿಲ್ದೇ ಇದ್ದಿದ್ರೆ ಅವಳನ್ನ ಹಳೇ ಅಂಗಡೀಲಿ ಒಂದು ವಾರಾನೂ ಇಟ್ಕೋತಿರ್ಲಿಲ್ಲ."

ಆಕೆ ನಗಲಿಲ್ಲ. ನನಗೆ ಮಾತ್ರ ಬಹಳ ದಿನಗಳ ಮೇಲೆ ಊಟ ರುಚಿಸಿತು.

ನಾಲ್ಕು ದಿನ ಬಿಟ್ಟು ಗಿಳಿ ಮನೆಗೆ ಬಂದಳು. ಕುರ್ಚಿ ತೋರಿಸಿದರೂ ಕೂರಲಿಲ್ಲ.

"ಕೆಲಸ ಹೋಯ್ತಾ?" ಎಂದೆ, ದನಿಗೆ ಒಂದಿಷ್ಟು ಕನಿಕರ ಬೆರೆಸಿ.

"ಇಲ್ಲ ಅಕ್ಕ. ಕಾಯಂ ಆಯ್ತು. ಹೊಲಿಗೆ ನಾವೇ ತಿದ್ತೀವಿ ಅಂದ್ರು."

ಆರಿದ್ದ ಉರಿ ಮತ್ತೆ ಹತ್ತಿಕೊಂಡಿತು.

"ನನ್ನ ಪಕ್ಕದಲ್ಲಿ ಇನ್ನೊಂದು ಜಾಗ ಖಾಲಿ ಇತ್ತು," ಎಂದಳು. "ಸೇರಿದ ದಿನಾನೇ ನಿಮ್ಮ ಹೆಸರು ಹೇಳಿದ್ದೆ. ಒಂದ್ಸಲ ಮಾತಾಡಿ ನೋಡಿ ಅಂತ ನಂಬರೂ ಕೊಟ್ಟೆ. ಮಾತಾಡಿದ್ರೆ ನಿಮ್ಮನ್ನ ಬಿಡಲ್ಲ ಅಂದ್ಕೊಂಡಿದ್ದೆ."

"ಅವರೇನಂದ್ರು?" ಎಂದೆ.

"ಪಕ್ಕದಲ್ಲಿ ಕೂತವರನ್ನ ಹೀಗೆ ಆಡ್ಕೊಳ್ಳೋರು ನಮಗೆ ಬೇಡ ಅಂದ್ಬಿಟ್ರು. ಏನಂದ್ರಿ ಅಂತ ಮಾತ್ರ ಹೇಳ್ಲಿಲ್ಲ. ಏನಂದ್ರಿ ಅಕ್ಕ?"

"ಇದ್ದದ್ದನ್ನೇ ಅಂದೆ," ಎಂದೆ. "ನಿನ್ನ ಹೊಲಿಗೆ ನಿಲ್ಲಲ್ಲ, ನಾನೇ ಬಿಚ್ಚಿ ಹೊಲೀತಿದ್ದೆ ಅಂತ."

ಗಿಳಿ ನನ್ನನ್ನೇ ನೋಡಿದಳು.

"ಅಷ್ಟನ್ನ ನಾನೇ ಹೇಳಿದ್ದೆನಲ್ಲ ಅಕ್ಕ," ಎಂದಳು. "ನಿಮ್ಮ ಹೆಸರು ಹೇಳಿದ್ದೇ ಹಾಗೆ."