ಸಾರೋಟಿನವರ ನಡುವಿನ ಮಗಳು

ಕುದುರೆಗಾಡಿಗಳ ಕಾಲ ಅದು. ಸಾರೋಟು ಕಟ್ಟುವವರ ಮನೆಯಲ್ಲಿ ಮೂವರು ಹೆಣ್ಣುಮಕ್ಕಳಿದ್ದರು. ದೊಡ್ಡವಳು ನೋಡಲು ಚೆಂದ, ಚಿಕ್ಕವಳ ಬಾಯಿಗೆ ಬೀಗವಿಲ್ಲ. ನಡುವಿನವಳು ಗಾಲಿಗಳ ಹುಡುಗಿ. ಅಪ್ಪನ ಕಣ್ಣು ಮಂಜಾಗತೊಡಗಿದ ಮೇಲೆ ಅಳತೆಕೋಲು ಅವಳ ಕೈಗೆ ಬಂದಿತ್ತು. ಯಾವ ಮರ ಗಾಲಿಯ ಅರಗಳಿಗೆ, ಯಾವುದು ಬಾಗಿಲಿಗೆ ಎಂದು ಮುಟ್ಟಿ ನೋಡಿ ಹೇಳುತ್ತಿದ್ದಳು. ಬೀದಿಯಲ್ಲಿ ಗಾಡಿಯೊಂದು ಹೋದರೆ, ತಲೆ ಎತ್ತದೆಯೇ "ಅದರ ಅಚ್ಚು ಒಣಗಿದೆ" ಅನ್ನುವಳು.

ಅಮ್ಮನಿಗೆ ಅದೇ ಚಿಂತೆ. "ಮೈಕೈಯೆಲ್ಲ ಮರದ ಹೊಟ್ಟು ಮೆತ್ಕೊಂಡು ನಿಂತ್ರೆ ಯಾವ ಗಂಡು ತಿರುಗಿ ನೋಡ್ತಾನೆ?"

"ತಿರುಗಿ ನೋಡೋನು ಬೇಡಮ್ಮ. ನೇರವಾಗಿ ನೋಡೋನು ಬಂದ್ರೆ ಸಾಕು."

ಆ ವರ್ಷ ಊರಾಚೆಯ ದೊಡ್ಡಮನೆಗೆ ಅದರ ಯಜಮಾನ ಬಹಳ ಕಾಲದ ಮೇಲೆ ವಾಪಸು ಬಂದ. ಮೂವತ್ತು ದಾಟಿರದ ವಯಸ್ಸು. ಜೊತೆಯಲ್ಲಿ ಒಬ್ಬಳೇ ತಂಗಿ. ಅವನ ಕಾಲರಿಗೆ ಎಷ್ಟು ಗಂಜಿ ಹಾಕಿರುತ್ತಿದ್ದರೆಂದರೆ, ಪಕ್ಕದವರ ಜೊತೆ ಮಾತಾಡಲು ಅವನು ಇಡೀ ಮೈಯನ್ನೇ ತಿರುಗಿಸಬೇಕಿತ್ತು. ಊರ ಸಭಾಂಗಣದಲ್ಲಿ ಸಂಜೆಯ ಕುಣಿತಕ್ಕೆ ಅವನನ್ನೂ ಕರೆದಿದ್ದರು. ಅವನು ಗೋಡೆಗೆ ಒರಗಿಸಿಟ್ಟ ಹಲಗೆಯ ಹಾಗೆ ನಿಂತಿದ್ದ.

ಅವನನ್ನು ಕರೆದಿದ್ದ ವೈದ್ಯರ ಹೆಂಡತಿಗೆ ಕಸಿವಿಸಿ. "ಸಾರೋಟಿನವರ ನಡುವಿನ ಮಗಳು ಸುಮ್ನೆ ಕೂತಿದಾಳೆ. ಅವಳ ಜೊತೆ ನಾಲ್ಕು ಹೆಜ್ಜೆ ಹಾಕಬಾರದಾ?"

"ನನ್ನ ಗಾಡಿ ಕೆಟ್ಟಾಗ ಅವರಿಗೆ ಹೇಳಿ ಕಳಿಸ್ತೀನಿ ಬಿಡಿ," ಅಂದ ಯಜಮಾನ.

ಮಾತು ಅವಳ ಕಿವಿಗೆ ಬಿತ್ತು. ಬೇರೆಯವಳಾಗಿದ್ದರೆ ಮುಖ ಕೆಂಪಾಗಿಸಿಕೊಂಡು ಎದ್ದು ಹೋಗುತ್ತಿದ್ದಳೇನೋ. ಇವಳು ಎದ್ದು ಅವನ ಮುಂದೆಯೇ ಬಂದು ನಿಂತಳು.

"ಹೇಳಿ ಕಳಿಸೋದಾದ್ರೆ ಬೇಗ ಕಳಿಸಿ ಸ್ವಾಮಿ. ನೀವು ಬಂದಿಳಿದಾಗಲೇ ನೋಡ್ದೆ, ಎಡಗಡೆ ಹಿಂದಿನ ಗಾಲಿ ಅಲ್ಲಾಡ್ತಿದೆ. ಕೆಟ್ಟ ಮೇಲೆ ಬುದ್ಧಿ ಬಂದ್ರೆ ಏನುಪಯೋಗ?"

ಸುತ್ತ ಇದ್ದವರು ನಕ್ಕರು. ಯಜಮಾನ ನಗಲಿಲ್ಲ. ಮರುದಿನದ ಹೊತ್ತಿಗೆ ಊರಿನಲ್ಲಿ ಅವನಿಗೆ 'ಗಂಜಿಕತ್ತು' ಎಂಬ ಹೆಸರು ಬಿದ್ದಿತ್ತು. ಇಟ್ಟವರು ಯಾರೆಂದು ಯಾರೂ ಕೇಳಲಿಲ್ಲ, ಎಲ್ಲರಿಗೂ ಗೊತ್ತಿತ್ತು.

ನಾಲ್ಕನೇ ದಿನ ಆ ಗಾಲಿ ಕಳಚಿತು. ಆಳನ್ನು ಕಳಿಸಬಹುದಿತ್ತು, ಯಜಮಾನ ತಾನೇ ಬಂದ. ಅವಳು ರಿಪೇರಿ ಮಾಡುವಷ್ಟು ಹೊತ್ತೂ ಒಂದು ಮರದ ದಿಮ್ಮಿಯ ಮೇಲೆ ಕೂತು ನೋಡಿದ. ಹೋಗುವಾಗ ತಂಗಿಗೆಂದು ಹೊಸ ಸಾರೋಟು ಬೇಕು ಎಂದು ಹೇಳಿ ಹೋದ. ಆಮೇಲೆ ವಾರಕ್ಕೆರಡು ಸಲ ಬರತೊಡಗಿದ. ಗಾಲಿ ತೆಳ್ಳಗಿರಲಿ ಅಂತ ಅವನು, ದಪ್ಪಗಿರಬೇಕು ಅಂತ ಇವಳು. ಎತ್ತು ಏರಿಗೆ, ಕೋಣ ನೀರಿಗೆ. ಚಿಕ್ಕವಳು ಕಿಟಕಿಯಿಂದ ಇಣುಕಿ, "ಅಕ್ಕಾ, ನಿನ್ನ ಯಜಮಾನ್ರು ಬಂದ್ರು!" ಅಂತ ಕೂಗುವಳು. ನಡುವಿನವಳು ಕೈಗೆ ಸಿಕ್ಕ ಮರದ ಚಕ್ಕೆಯನ್ನು ಅವಳ ಕಡೆ ಎಸೆಯುವಳು.

ಅವನ ಮೇಲೆ ಅವಳಿಗಿದ್ದ ಸಿಟ್ಟಿಗೆ ಇನ್ನೊಂದು ಕಾರಣವೂ ಇತ್ತು. ಅವಳ ಅಪ್ಪನ ಕಾರ್ಖಾನೆಯಲ್ಲಿ ಆರು ತಿಂಗಳಿಂದ ಒಬ್ಬ ಬಡಗಿ ಇದ್ದ. ಬೆಣ್ಣೆಯಲ್ಲಿ ಕೂದಲು ತೆಗೆದ ಹಾಗೆ ಮಾತಾಡುವವನು, ಆದ್ದರಿಂದ ಎಲ್ಲರೂ ನಯಗಾರ ಅನ್ನುತ್ತಿದ್ದರು. ಮೊದಲು, ಯಜಮಾನ ಪರಊರಿನಲ್ಲಿದ್ದಾಗ, ಅವನ ಮನೆಯಲ್ಲೇ ಗಾಡಿ ಕೆಲಸಕ್ಕಿದ್ದನಂತೆ. "ಎದುರು ಮಾತಾಡಿದೆ ಅಂತ ಒಂದೇ ಕಾರಣಕ್ಕೆ ಹೊರಗೆ ಹಾಕಿದ್ರು ಅಕ್ಕ. ವಯಸ್ಸಾದ ತಾಯಿ ಇದಾಳೆ ಅಂತ ಕೂಡ ನೋಡ್ಲಿಲ್ಲ," ಎಂದು ಅವನು ಹೇಳಿದ್ದ. ಅವಳು ನಂಬಿದಳು. ನಂಬಲು ಅವಳಿಗೆ ಇಷ್ಟವೂ ಇತ್ತು.

ಸಾರೋಟು ಮುಗಿಯಲು ಬಂದಾಗ ಒಂದು ಮಧ್ಯಾಹ್ನ ಯಜಮಾನ ಬಂದು, ಬಾಗಿಲ ಬಳಿ ಟೋಪಿ ತೆಗೆದು ಕೈಯಲ್ಲಿ ಹಿಡಿದು ನಿಂತ.

"ನನ್ನನ್ನ ಮದುವೆ ಆಗ್ತೀರಾ?" ಅಂದ. ಅವಳು ಬಾಯಿ ತೆರೆಯುವ ಮೊದಲೇ, ಒಳ್ಳೆಯ ಸುದ್ದಿ ಕೊಡುವವನ ಹಾಗೆ ಸೇರಿಸಿದ: "ಆಮೇಲೆ ನೀವು ಈ ಕೊಟ್ಟಿಗೆ ಕಡೆ ತಲೆ ಹಾಕೋದೇ ಬೇಡ. ಈ ಹೊಗೆ, ಈ ಧೂಳು, ಎಲ್ಲದರಿಂದ ಬಿಡುಗಡೆ."

ಅವಳು ಕೈಯಲ್ಲಿದ್ದ ಉಳಿಯನ್ನು ಮೆಲ್ಲಗೆ ಕೆಳಗಿಟ್ಟಳು.

"ಬಿಡುಗಡೆ ಬೇಕು ಅಂತ ನಾನು ಯಾವತ್ತು ಕೇಳ್ದೆ? ನೀವು ಕೊಟ್ಟಿಗೆ ಅಂದ್ರಲ್ಲ, ನಾನು ನಾನಾಗಿರೋ ಜಾಗ ಇದು. ಇನ್ನೊಂದು ಮಾತು. ವಯಸ್ಸಾದ ತಾಯಿ ಇರೋ ಕೆಲಸಗಾರನನ್ನ ಎದುರು ಮಾತಾಡಿದ ಅಂತ ಬೀದಿಗೆ ತಳ್ಳೋ ಮನೆಗೆ ನಾನು ಬರೋಳಲ್ಲ."

ಯಜಮಾನನ ಮುಖ ಸುಣ್ಣವಾಯಿತು. ಏನೋ ಹೇಳಲು ಹೋಗಿ ತಡೆದುಕೊಂಡ. ಕೊನೆಗೆ ಇಷ್ಟೇ ಅಂದ: "ನನ್ನ ಮಾತು ನಂಬಬೇಡಿ. ಅವನು ಮಾಡಿದ ಗಾಲಿಗಳನ್ನ ನೀವೇ ಒಂದ್ಸಲ ನೋಡಿ. ನಿಮ್ಮ ಕಣ್ಣನ್ನ ನಂಬಿ, ಸಾಕು." ಟೋಪಿ ಹಾಕಿಕೊಂಡು ನಡೆದೇ ಹೋದ.

ಮರುದಿನ ಬೆಳಿಗ್ಗೆ ಯಾರೂ ಬರುವ ಮೊದಲು ಅವಳು ಸುತ್ತಿಗೆ ಹಿಡಿದು ಹೊಸ ಸಾರೋಟಿನ ಬಳಿ ಕೂತಳು. ಅರಗಳೆಲ್ಲ ಬಂದು ಕೂರುವ ನಡುವಿನ ದಿಮ್ಮಿಗೆ ಗುಂಬ ಅನ್ನುತ್ತಾರೆ, ಗಾಲಿಯ ಜೀವ ಇರುವುದು ಅಲ್ಲೇ. ಅವಳು ಕಡೆದ ಮೂರು ಗುಂಬಗಳು ಟಣ್ ಎಂದವು. ನಯಗಾರನ ಪಾಲಿಗೆ ಬಿಟ್ಟಿದ್ದ ನಾಲ್ಕನೆಯದು ಒದ್ದೆ ಕಟ್ಟಿಗೆಯ ಹಾಗೆ ಡಬ್ ಎಂದಿತು. ಬಣ್ಣ ಕೆರೆದಳು. ಬಣ್ಣದ ಕೆಳಗೆ ಮೇಣ, ಮೇಣದ ಜೊತೆ ಮರದ ಹೊಟ್ಟು, ಅದರ ಕೆಳಗೆ ಬೆರಳಿನಷ್ಟು ಉದ್ದದ ಬಿರುಕು. ಮೊದಲ ಇಳಿಜಾರಿನಲ್ಲೇ ಗಾಲಿ ಎರಡು ಹೋಳಾಗುತ್ತಿತ್ತು. ಒಳಗೆ ಕೂತಿರುತ್ತಿದ್ದವಳು ಯಜಮಾನನ ತಂಗಿ.

ಅವಳಿಗೆ ಭಯಕ್ಕಿಂತ ನಾಚಿಕೆ ಹೆಚ್ಚಾಗಿತ್ತು. ಊರಿನ ಗಾಲಿಗಳನ್ನೆಲ್ಲ ತಟ್ಟಿ ನೋಡುವವಳು ಒಬ್ಬ ಮನುಷ್ಯನ ಮಾತನ್ನು ಮಾತ್ರ ತಟ್ಟಿ ನೋಡಿರಲಿಲ್ಲ.

ನಯಗಾರ ಬಂದಾಗ ಅವಳು ಬಿರುಕು ತೋರಿಸಿದಳು. ಅವನು ಮೊದಲು ನಕ್ಕ, ಆಮೇಲೆ ಮರದ ಮೇಲೆ ತಪ್ಪು ಹೊರಿಸಿದ. ಒಳಗಿಂದ ಅಪ್ಪ ಬಂದು ಬಿರುಕಿನ ಮೇಲೆ ಬೆರಳಾಡಿಸಿ, "ಕಣ್ಣು ಕಾಣದಿದ್ರೂ ಇದು ಗೊತ್ತಾಗುತ್ತಲ್ಲೋ. ನಿನ್ನ ಉಳಿ, ಬಾಚಿ ತಗೊಂಡು ಹೊರಡು," ಅಂದಾಗ ಅವನ ನಯವೆಲ್ಲ ಇಳಿಯಿತು. ಹನ್ನೆರಡು ಗಂಟೆಯ ಹೊತ್ತಿಗೆ ಅವನು ಊರಲ್ಲಿರಲಿಲ್ಲ.

ಅವಳು ಮುಖ ತೊಳೆದು, ದೊಡ್ಡಮನೆಗೆ ನಡೆದೇ ಹೋದಳು. ಯಜಮಾನ ತಂಗಿಯ ಜೊತೆ ತೋಟದಲ್ಲಿದ್ದ. ತಂಗಿ ಏಳಲು ಹೋದಳು.

"ನೀವೂ ಇರಿ, ನಿಮಗೂ ಸೇರಿದ ಮಾತು," ಅಂದಳು ಅವಳು. "ಗುಂಬ ಒಡೆದಿತ್ತು. ಮೇಣ ತುಂಬಿ ಮುಚ್ಚಿದ್ದ. ನಾನು ಅವನನ್ನ ನಂಬಿದ್ದು ತಪ್ಪು, ನಿಮ್ಮನ್ನ ಕೇಳದೇ ಇದ್ದದ್ದು ಅದಕ್ಕಿಂತ ದೊಡ್ಡ ತಪ್ಪು. ಕ್ಷಮಿಸಿ."

"ನಮ್ಮಲ್ಲಿದ್ದಾಗಲೂ ಅವನು ಇದೇ ಕೆಲಸ ಮಾಡಿ ನಮ್ಮ ಗಾಡಿಯವನ ಕಾಲು ಮುರಿಸಿದ," ಅಂದ ಯಜಮಾನ. "ತಾಯಿ ಇದಾಳೆ, ಬೇರೆ ಕಡೆ ಕೆಲಸ ಸಿಗಲಿ ಅಂತ ಯಾರಿಗೂ ಹೇಳ್ಲಿಲ್ಲ."

"ಅದು ನಿಮ್ಮ ತಪ್ಪು. ದಯೆ ತೋರಿಸಿದ್ರಿ ಸರಿ. ಆದ್ರೆ ಅವನು ನಮ್ಮಲ್ಲಿದಾನೆ ಅಂತ ಗೊತ್ತಾದ ಮೇಲಾದ್ರೂ ನಮ್ಮಪ್ಪನ ಕಿವಿಗೆ ಹಾಕಬೇಕಿತ್ತು. ನಿಮ್ಮ ತಂಗಿ ಅಲ್ಲದಿದ್ರೆ ಇನ್ಯಾರದೋ ತಂಗಿ ಆ ಗಾಡಿಲಿ ಕೂರ್ತಿದ್ಲು."

ತಂಗಿ ಬಾಯಿಗೆ ಕೈ ಅಡ್ಡ ಹಿಡಿದಳು. ಅಣ್ಣನ ಜೊತೆ ಹೀಗೆ ಮಾತಾಡಿದವರನ್ನು ಅವಳು ಕಂಡಿರಲಿಲ್ಲ.

ಯಜಮಾನ "ನಿಜ," ಅಂದ. "ಎದುರಿಗೆ ನಿಂತು ವಿವರಿಸೋದು ನನಗೆ ಅವಮಾನ ಅನ್ನಿಸ್ತಿತ್ತು. ಆ ಜಂಬದಿಂದಲೇ ಇಷ್ಟೆಲ್ಲ ಆಯ್ತು."

ನಡುವಿನವಳು ಅಂದುಕೊಂಡಿದ್ದಕ್ಕಿಂತ ಹಗುರ ಮನಸ್ಸಿನಿಂದ ಮನೆಗೆ ಬಂದಳು.

ಹೊಸ ಗಾಲಿಗೆ ಹಳಿ ಕಟ್ಟುವ ದಿನ ಬಂತು. ಕಬ್ಬಿಣದ ಬಳೆಯನ್ನು ಬೆಂಕಿಯಲ್ಲಿ ಕೆಂಪಗೆ ಕಾಯಿಸಿ, ಮರದ ಗಾಲಿಯ ಸುತ್ತ ಕೂರಿಸಿ, ತಕ್ಷಣ ನೀರು ಸುರಿಯಬೇಕು. ಹಿಂದೆಮುಂದೆ ಆದರೆ ಮರ ಹೊತ್ತಿಕೊಳ್ಳುತ್ತದೆ. ಇಕ್ಕಳ ಹಿಡಿಯಲು ಅವಳೂ ಕಮ್ಮಾರನೂ ಇದ್ದರು. ನೀರಿಗೆ ಜನ ಸಾಲದಾಗಿತ್ತು. ಬಳೆ ಕಾದು ಕೆಂಪಾಗುವ ಹೊತ್ತಿಗೆ ಯಜಮಾನ ಬಾಗಿಲಲ್ಲಿ ಕಾಣಿಸಿದ.

"ನೋಡ್ತಾ ನಿಲ್ಲಬೇಡಿ! ಕೋಟು ಬಿಚ್ಚಿ, ಕೊಡ ಎತ್ತಿ!" ಎಂದು ಕೂಗಿದಳು.

ಅವನು ಕೋಟು ಬಿಚ್ಚಿದ, ಕಾಲರನ್ನೂ ಕಿತ್ತೆಸೆದ. ಬಳೆ ಕೂತಿತು, ಮರ ಚಟಚಟ ಅಂದಿತು, ಅವನು ಕೊಡದ ಮೇಲೆ ಕೊಡ ಸುರಿದ. ಅರ್ಧ ನೀರು ಗಾಲಿಗೆ, ಅರ್ಧ ಕಮ್ಮಾರನಿಗೆ. ಆವಿ ಕಾರ್ಖಾನೆ ತುಂಬಿತು. ಕಬ್ಬಿಣ ಕುಗ್ಗಿ ಅರಗಳನ್ನೆಲ್ಲ ಒಟ್ಟಿಗೆ ಬಿಗಿದುಕೊಂಡಿತು. ಆವಿ ತಿಳಿಯಾದಾಗ ಅವನ ಮುಖದ ಮೇಲೆಲ್ಲ ಮಸಿ, ಹುಬ್ಬಿನ ತುದಿ ಸುಟ್ಟಿತ್ತು. ಮೊದಲ ಸಲ ಅವನು ಬಾಯ್ತುಂಬ ನಗುತ್ತಿದ್ದ.

"ಇಷ್ಟು ಚೆನ್ನಾಗಿರುತ್ತೆ ಅಂತ ಹೇಳಿರ್ಲಿಲ್ಲ ನೀವು," ಅಂದ.

"ನೀವು ಕೇಳಿದ್ರಾ?" ಅಂದಳು ಅವಳು. ಒದ್ದೆ ಬಟ್ಟೆಯೊಂದನ್ನು ಅವನ ಕೈಗೆ ಕೊಟ್ಟಳು. ಅವಳಿಗೆ ಈಗ ಯಾವ ಅನುಮಾನವೂ ಇರಲಿಲ್ಲ. "ಅವತ್ತು ಕೇಳಿದ್ದನ್ನ ಇನ್ನೊಂದ್ಸಲ ಕೇಳಿ ನೋಡೋಣ. ಮೊದಲ ಅರ್ಧ ಸಾಕು. ಆಮೇಲಿಂದು ಬೇಡ."

ಕಮ್ಮಾರ ಇಕ್ಕಳ ಹಿಡಿದು ಅಲ್ಲೇ ನಿಂತಿದ್ದ. ಆದರೂ ಯಜಮಾನ ಕೇಳಿದ.

"ಆಗ್ತೀನಿ," ಅಂದಳು. "ಬೆಳಿಗ್ಗೆ ಎಂಟಕ್ಕೆ ನಾನು ಇಲ್ಲಿಗೆ ಬರ್ತೀನಿ. ಅದೊಂದು ಗೊತ್ತಿರಲಿ."

"ಏಳೂವರೆಗೇ ಗಾಡಿ ಕಟ್ಟಿಸಿಟ್ಟಿರ್ತೀನಿ."

ಒಳಗಿನ ಬಾಗಿಲ ಹಿಂದಿನಿಂದ ಅಮ್ಮ ಸೆರಗಿನಲ್ಲಿ ಕಣ್ಣೊರೆಸಿಕೊಳ್ಳುತ್ತಾ ಬಂದಳು. ಚಿಕ್ಕವಳು ಆಗಲೇ ಬೀದಿಗೆ ಓಡಿದ್ದಳು.

ತಂಗಿಯ ಸಾರೋಟು ಬೇಸಿಗೆಯಲ್ಲಿ ಹೊರಬಿತ್ತು. ಘಟ್ಟ ಇಳಿಯಿತು, ಹತ್ತಿತು, ಒಂದು ಮೊಳೆಯೂ ಸಡಿಲವಾಗಲಿಲ್ಲ. ಮದುವೆಯಾದವರು ದಿನಕ್ಕೊಂದು ವಿಷಯಕ್ಕೆ ವಾದ ಮಾಡುತ್ತಿದ್ದರು, ಬಾಗಿಲಿನ ಬಣ್ಣದಿಂದ ಹಿಡಿದು ಕುದುರೆಯ ಹೆಸರಿನ ತನಕ. ಕೊನೆಗೆ ಯಾರು ಗೆದ್ದರೆಂದು ಇಬ್ಬರಿಗೂ ಮರೆತುಹೋಗುತ್ತಿತ್ತು. ಎಂದಾದರೂ ಊಟದ ಮೇಜು ಶಾಂತವಾಗಿದ್ದರೆ ತಂಗಿ ತಲೆ ಎತ್ತಿ, "ಅತ್ತಿಗೆ, ಹುಷಾರಾಗಿದೀರಿ ತಾನೆ?" ಎಂದು ಕೇಳುತ್ತಿದ್ದಳು.