ನಾಲ್ಕೂ ಕಡೆ

ಓದುವ ಯಂತ್ರದ ಪರದೆ ಒಂದು ಸಲ ಕಪ್ಪಾಗಿ ಮತ್ತೆ ಬೂದಿಬಣ್ಣಕ್ಕೆ ಬರುತ್ತದೆ, ಪುಟ ತಿರುಗಿತು ಅಂತ ಅರ್ಥ, ಸದ್ದಿಲ್ಲ, ಗಾಳಿಯಿಲ್ಲ — ಅನುಕೂಲ ಒಂದು, ಹಗುರ, ಎರಡು, ಬಿಸಿಲಲ್ಲಿ ಹಿಡಿದರೂ ಕಣ್ಣಿಗೆ ಹೊಡೆಯುವುದಿಲ್ಲ, ಮೂರು, ಒಮ್ಮೆ ಚಾರ್ಜ್ ಮಾಡಿದರೆ ವಾರಗಟ್ಟಲೆ ಬರುತ್ತದೆ, ನಾಲ್ಕು, ಅಕ್ಷರವನ್ನು ಎಷ್ಟು ಬೇಕಾದರೂ ದೊಡ್ಡದು ಮಾಡಬಹುದು, ಇದೇ ಮುಖ್ಯ, ಇದರ ಕೆಳಗೆ ಗೆರೆ ಎಳೆದಿದ್ದೇನೆ. ತಾಲ್ಲೂಕು ಕಚೇರಿಯಲ್ಲಿ ಮೂವತ್ತೊಂದು ವರ್ಷ ಟಿಪ್ಪಣಿ ಬರೆದ ಕೈ ಮನೆಯ ವಿಷಯಕ್ಕೂ ಹಾಳೆ ಮಡಿಸಿ ಎರಡು ಅಂಕಣ ಮಾಡುತ್ತದೆ, ಎಡಕ್ಕೆ ಅನುಕೂಲ, ಬಲಕ್ಕೆ ಅನಾನುಕೂಲ, ಕೊನೆಗೆ ಷರಾ. ನೀವು ಅತ್ತರೂ ಅರ್ಜಿ ಕೊಟ್ಟೇ ಅಳ್ತೀರ ಅಂತ ಶಾಂತಾ ಯಾವಾಗಲೋ ಹೇಳಿದ್ದಳು, ಅಡುಗೆಮನೆಯಿಂದ, ನಗುತ್ತಾ. ಈಗ ಪೂಜೆ ಮುಗಿಸಿ ಮಣೆಯ ಮೇಲೆ ಕೂತಿದ್ದಾಳೆ, ಹಣೆಯ ವಿಭೂತಿ ಇನ್ನೂ ಒಣಗಿಲ್ಲ, ಈ ಹೊತ್ತಿಗೆ ಅವಳು ತನ್ನ ಅವ್ವನ ವಚನದ ಪುಸ್ತಕ ತೆರೆಯಬೇಕು, ಓದಬೇಕು, ಆಮೇಲೇ ಕಾಫಿ, ಮದುವೆಯಾದಾಗಿನಿಂದ ಹೀಗೇ, ಅಂತೆ, ಅಂತೆ ಏಕೆಂದರೆ ಆ ಹೊತ್ತಿನಲ್ಲಿ ನಾನು ಯಾವತ್ತೂ ಬಸ್ಸಿನಲ್ಲಿರುತ್ತಿದ್ದೆ, ನಿವೃತ್ತಿಯಾದ ಮೇಲೇ ನೋಡಿದ್ದು, ಪುಸ್ತಕವನ್ನು ಮೂಗಿಗೆ ತಾಗಿಸುವಷ್ಟು ಹತ್ತಿರ ಹಿಡಿಯುತ್ತಿದ್ದಳು. ಕಣ್ಣಿನ ಡಾಕ್ಟರು ಹೇಳಿದರು, ನಡುಭಾಗ ಮಬ್ಬಾಗಿದೆ, ಹೋದದ್ದು ವಾಪಸ್ ಬರಲ್ಲ, ಓಡಾಟಕ್ಕೆ ತೊಂದರೆಯಿಲ್ಲ, ಅಕ್ಷರ ದಪ್ಪ ಇದ್ದರೆ ಇನ್ನೂ ಓದಬಹುದು. ಶಾಂತಾ ತಲೆಯಾಡಿಸಿದಳು, ಹೂಂ ಸಾರ್, ಸ್ವಲ್ಪ ಮಂಜು ಅಷ್ಟೇ. ಓದು ನಿಂತರೆ ಇವಳಿಗೆ ಬೆಳಗಾಗುವುದೇ ಇಲ್ಲ ಅಂತ ನನಗೆ ಹೆದರಿಕೆಯಾಯಿತು, ಅವತ್ತು ಆಗಿತ್ತು, ಇವತ್ತು ಆ ಹೆದರಿಕೆ ಎಲ್ಲಿ ಹೋಯಿತೋ.

ಮಹಡಿ ಮೇಲೆ ಬಾಡಿಗೆಗಿದ್ದ ಯೋಗದ ಹೆಂಗಸು, ನಮ್ಮ ಗೋಕುಲಂ ಬಡಾವಣೆ ತುಂಬ ಯೋಗ ಕಲಿಯಲು ಬಂದ ಅಂಥ ವಿದೇಶಿಯರೇ, ತನ್ನ ದೇಶಕ್ಕೆ ಹೊರಟಾಗ ಈ ಇ-ಬುಕ್ ರೀಡರನ್ನು ಶಾಂತಾಳ ಕೈಯಲ್ಲಿಟ್ಟು ಏನೋ ಹೇಳಿ ತಬ್ಬಿಕೊಂಡಳು, ಇದರೊಳಗೆ ಸಾವಿರ ಪುಸ್ತಕ ಹಿಡಿಯುತ್ತದಂತೆ, ಅನುಕೂಲ ಐದು, ಶಾಂತಾಗೆ ಬೇಕಾದದ್ದು ಒಂದೇ. ಅನಾನುಕೂಲ ಒಂದು, ಕನ್ನಡ ಬರುವುದಿಲ್ಲ. ನಿನ್ನೆ ಸಂಜೆ ಅವಳಿಗೆ ಹೇಳದೆ ಪುಸ್ತಕ ಒಯ್ದೆ, ಜೆರಾಕ್ಸ್ ಅಂಗಡಿಯ ಮಹದೇವು ಒಂದು ಪುಟ ಟೈಪ್ ಮಾಡಿ ಹಾಕಿದ, ಬಂದದ್ದು ಸಾಲುಸಾಲು ಖಾಲಿ ಚೌಕ, ದಟ್ಟಗಳ್ಳಿ ಬಡಾವಣೆಯ ಸೈಟುಗಳ ನಕ್ಷೆಯ ಹಾಗೆ, ಮನೆಯೇ ಇಲ್ಲ. ಟೈಪಿಂಗ್ ಬ್ಯಾಡ ಬುಡಿ ಸಾರ್, ಪುಟಾನೇ ಸ್ಕ್ಯಾನ್ ಮಾಡಿ ಫೋಟೋ ಥರ ಹಾಕಮ, ಆದ್ರೆ ಹೊಲಿಗೆ ಬಿಚ್ಬೇಕು, ಒಂದೊಂದೇ ಹಾಳೆ ಆದ್ರೆ ಮಷೀನಿಗೆ ಸಲೀಸು, ಮತ್ತೆ ಮೂಲೆಗಳೆಲ್ಲಾ ಮಡಚವೆ ನೋಡಿ, ಸಿಕ್ಕಾಕೊಳ್ತವೆ, ನಾಲ್ಕೂ ಕಡೆ ಒಂಚೂರು ಕಟ್ ಮಾಡ್ಬುಡ್ಲಾ. ಮಾಡಿ ಅಂದೆ. ನಾನೇ ಅಂದದ್ದು, ಜೋರಾಗಿ, ಆದೇಶ ಹೊರಡಿಸಿದ ಹಾಗೆ. ಕತ್ತರಿಸುವ ಯಂತ್ರದ ಅಲಗು ಇಳಿಯಿತು, ಸುರುಳಿಸುರುಳಿ ಚೂರು ನೆಲಕ್ಕೆ ಬಿತ್ತು, ಎಣ್ಣೆ ಹತ್ತಿದ ಅಂಚು, ಮಡಿಸಿದ ಮೂಲೆ, ಒಂದು ಹಾಳೆಯಲ್ಲಿ ಪೋಣಿಸಿದ್ದ ಕೆಂಪು ದಾರ, ಕಟ್ಟು ಎಷ್ಟು ನೀಟಾಗಿತ್ತೆಂದರೆ ನನಗೆ ಖುಷಿಯಾಯಿತು.

ಇಗೋ ಓದು ನೋಡೋಣ, ಅಕ್ಷರ ಉಗುರಿನಷ್ಟು ದಪ್ಪ ಮಾಡಿದ್ದೀನಿ, ಅಂದೆ ಈಗಷ್ಟೇ. ಶಾಂತಾ ಪರದೆ ನೋಡಲಿಲ್ಲ. ನನ್ನ ಪುಸ್ತಕ ಎಲ್ರೀ. ರಬ್ಬರ್ ಬ್ಯಾಂಡ್ ಹಾಕಿದ ಕಟ್ಟನ್ನು ಕೊಟ್ಟೆ, ಒಂದು ಅಂಚು ಸವರಿದಳು, ತಿರುಗಿಸಿದಳು, ಇನ್ನೊಂದು, ಇನ್ನೊಂದು, ನಾಲ್ಕೂ ಕಡೆ, ಬಹಳ ಹೊತ್ತು. ಕತ್ತರಿಸಿಬುಟ್ರಾ. ಮಷೀನಿಗೆ ಸಿಕ್ಕಿಕೊಳ್ತದೆ ಅಂತ ಮಹದೇವು ಅಂದ ಕಣೇ. ನಂಗೆ ಅಕ್ಷರ ಕಾಣ್ತಿರ್ಲಿಲ್ಲ ಕಣ್ರೀ, ಎರಡು ವರ್ಷ ಆಯ್ತು, ವಚನ ಎಲ್ಲಾ ಬಾಯಿಗೆ ಬರುತ್ತೆ, ಆದ್ರೆ ಶುರು ಮರ್ತೋಗುತ್ತೆ, ಮಡಿಸಿದ ಮೂಲೆ ಮುಟ್ಟಿದ್ರೆ ಇದು ಅಂತ ಗೊತ್ತಾಗೋದು, ಎಣ್ಣೆ ಹಾಳೆ ಆದ್ರೆ ಅದು, ದಾರ ಸಿಕ್ರೆ ಅವ್ವ ಸಾಯೋ ದಿನ ಹೇಳಿಸ್ಕೊಂಡಿದ್ದು. ಮೊದಲೇ ಹೇಳ್ಬಾರ್ದಿತ್ತಾ ಶಾಂತಾ. ಹೇಳಿದ್ರೆ ನೀವು ನನ್ನನ್ನ ಒಲೆ ಹಚ್ಚಕ್ಕೂ ಬುಡ್ತಿರ್ಲಿಲ್ಲ. ಅಷ್ಟೇ ಅಂದಳು, ಅಳಲಿಲ್ಲ, ಬೈಯಲಿಲ್ಲ, ಬೈದಿದ್ದರೆ ಚೆನ್ನಾಗಿತ್ತು. ನನಗೆ ಏನೋ ಆಗಬೇಕು, ಆಗುತ್ತಿಲ್ಲ, ಜೋಮು ಹಿಡಿದ ಕಾಲನ್ನು ಬೇರೆ ಯಾರದೋ ಕಾಲು ಎಂಬಂತೆ ನೋಡುತ್ತೇವಲ್ಲ, ಹಾಗೆ ನನ್ನನ್ನೇ ನೋಡುತ್ತಿದ್ದೇನೆ, ಹೊರಗೆ ತರಕಾರಿ ಗಾಡಿಯವನು ಸೊಪ್ಪು ಅಂತ ಕೂಗುತ್ತಾನೆ, ಮಹದೇವು ಬೆಳಿಗ್ಗೆಯೇ ಅಂಗಡಿ ಗುಡಿಸಿರುತ್ತಾನೆ, ಕೆಂಪು ದಾರವೂ ಹೋಗಿರುತ್ತದೆ, ತಪ್ಪು ನನ್ನದು, ಇದನ್ನು ಯಾವ ಅಂಕಣದಲ್ಲೂ ಬರೆಯಲಾಗುವುದಿಲ್ಲ. ಶಾಂತಾ ಕಟ್ಟನ್ನು ಪಕ್ಕಕ್ಕಿಟ್ಟು ಓದುವ ಯಂತ್ರವನ್ನೇ ಮಡಿಲಿಗೆ ಎಳೆದುಕೊಂಡಳು, ನನಗೋಸ್ಕರ ಇರಬೇಕು, ಕಣ್ಣು ಮುಚ್ಚಿದಳು, ತುಟಿ ಸಿದ್ಧವಾಗಿದೆ, ಶುರು ಬೇಕು, ಹೆಬ್ಬೆರಳು ಪ್ಲಾಸ್ಟಿಕ್ಕಿನ ಅಂಚಿನ ಮೇಲೆ ಹೋಗುತ್ತದೆ, ಏನೂ ಇಲ್ಲ, ಮೂಲೆಗೆ ಬರುತ್ತದೆ, ಇಲ್ಲ, ಇನ್ನೊಂದು ಅಂಚು, ಹೆಬ್ಬೆರಳು, ನುಣುಪು, ಮೂಲೆ, ಹೆಬ್ಬೆರಳು, ನುಣುಪು, ತುಟಿ ತೆರೆದೇ ಇದೆ, ಹೆಬ್ಬೆರಳು ಹುಡುಕುತ್ತಿದೆ